ಕುರಿಯ ಕಿವಿ ಮುಚ್ಚಿದ ಕೈಗಳು

ನನ್ನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ನನ್ನವಲ್ಲ. ತಾಂಡೂರಿನ ದಂತವೈದ್ಯರೊಬ್ಬರು ಕಟ್ಟಿಕೊಟ್ಟವು. ಮಲಗುವಾಗ ತೆಗೆದು ನೀರಿನ ಲೋಟದಲ್ಲಿ ಹಾಕುತ್ತೇನೆ, ಬೆಳಿಗ್ಗೆ ತೊಳೆದು ಹಾಕಿಕೊಂಡು ಶಾಲೆಗೆ ಪಾಠ ಹೇಳಲು ಹೋಗುತ್ತೇನೆ. ಬಲ್ಲವರನ್ನು ಬಿಟ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ದೇವರ ಮೇಲೆ ವಾದ ಬಿತ್ತು. ಕಣ್ಣಿಗೆ ಕಾಣದ್ದನ್ನು ಒಪ್ಪಬೇಕಾದರೆ ಸಾಕ್ಷಿ ಬೇಕು ಎಂದರು ಗಣಿತದ ಮೇಷ್ಟ್ರು. ಸಾಕ್ಷಿ ಸಿಕ್ಕ ಮೇಲೆ ಅದಕ್ಕೆ ನಂಬಿಕೆ ಎಂದು ಯಾಕೆ ಕರೆಯಬೇಕು ಸಾರ್, ಅದು ಲೆಕ್ಕವಾಯಿತಲ್ಲ ಎಂದರು ಹಿಂದಿ ಮೇಡಂ. ಇಬ್ಬರೂ ಡಬ್ಬಿ ಬಿಚ್ಚಿಟ್ಟುಕೊಂಡು ತೆಲುಗಿನಲ್ಲಿ ಕಿತ್ತಾಡಿ, ಕೊನೆಗೆ ನನ್ನ ಕಡೆ ತಿರುಗಿದರು. ನೀವು ಸೈನ್ಸಿನವರು, ನೀವೇ ಹೇಳಿ ಎಂದರು. ನನಗೆ ಕ್ಲಾಸಿದೆ ಎಂದು ಎದ್ದು ಬಂದೆ. ಹೇಳಲು ಇತ್ತು. ಆದರೆ ಹೇಳಿದ್ದರೆ ಅವರ ಕೈಯ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ನಾರಾಯಣಖೇಡದ ಕಡೆಯ ಹಳ್ಳಿ, ಕುರಿ ಕಾಯುವ ಮನೆತನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು. ನಮ್ಮ ಪೈಕಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಜಹೀರಾಬಾದಿನಲ್ಲಿ ಹಾಸ್ಟೆಲಿನಲ್ಲಿದ್ದು, ಪ್ರಾಣಿಶಾಸ್ತ್ರ ತೆಗೆದುಕೊಂಡು ಡಿಗ್ರಿ ಮಾಡಿದೆ. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನನ್ನ ಬಟ್ಟೆಗೆ ಕುರಿಯ ವಾಸನೆ ಎಂದು ಮೂಗು ಮುಚ್ಚಿಕೊಂಡವರ ಪಕ್ಕದಲ್ಲೇ ಕೂತು, ಅವರಿಗಿಂತ ಹೆಚ್ಚು ಮಾರ್ಕು ತೆಗೆದು ಪಾಸಾದವಳು ನಾನು.

ನಾನು ಓದಬೇಕು ಎಂದು ಹಠ ಹಿಡಿದವಳು ಅತ್ತೆ, ಅಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತನ್ನ ಪಾಲಿನ ಕುರಿಗಳನ್ನು ಹೊಡೆದುಕೊಂಡು ಬಶೀರಾಬಾದಿನ ಕಡೆಯಿಂದ ನಮ್ಮ ಮನೆಗೆ ಬಂದವಳು. ಮಕ್ಕಳಿಲ್ಲ. ತೆಳ್ಳನೆಯ ಮೈ, ಆದರೆ ಬಾಯಿ ತುಂಬ ಗಟ್ಟಿ ಹಲ್ಲು. ಹುರಿದ ಜೋಳವನ್ನು ಕಲ್ಲು ಕುಟ್ಟಿದಂತೆ ಅಗಿಯುತ್ತಿದ್ದಳು. ಕಂಬಳಿ ಹೊಲಿಯುವಾಗ ಉಣ್ಣೆಯ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳು.

"ಕತ್ರಿ ಅದಲ್ಲ ಅತ್ತಿ," ಎಂದರೆ, "ಕತ್ರಿ ಹುಡುಕೋತನಕ ಹೊತ್ತು ಮುಳಗ್ತದ. ಇವು ಬಾಯಾಗೇ ಅದಾವ," ಎನ್ನುತ್ತಿದ್ದಳು.

ಈ ಹಲ್ಲಿನ ಮಾತು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕಡೆ ಮಾಟಕ್ಕೆ ಭಾನಾಮತಿ ಎನ್ನುತ್ತಾರೆ. ಭಾನಾಮತಿ ಮಾಡುವವರ ಬಲವೆಲ್ಲ ಹಲ್ಲಿನಲ್ಲಿ ಇರುತ್ತದಂತೆ. ಹಲ್ಲು ಹೋದರೆ ಮಂತ್ರದ ಉಚ್ಚಾರ ಕೆಟ್ಟು ಮಾಟ ತಾಗುವುದಿಲ್ಲವಂತೆ. ಆದ್ದರಿಂದ ಯಾರ ಮೇಲಾದರೂ ಆ ಮಾತು ಬಂದರೆ ಜನ ಮೊದಲು ಕೈ ಹಾಕುವುದು ಬಾಯಿಗೆ.

ಇನ್ನೊಂದು ಮಾತನ್ನೂ ಹೇಳಬೇಕು: ಝಾಡಿಸುವುದು. ದೇವರಿಗೆ ಕುರಿ ಕೊಡುವ ಮುಂಚೆ ಅದರ ತಲೆ ಬೆನ್ನಿನ ಮೇಲೆ ಅರಿಶಿಣದ ನೀರು ಹಾಕಿ ಕಾಯುತ್ತಾರೆ. ಕುರಿ ಮೈ ಝಾಡಿಸಿದರೆ, ಅಂದರೆ ಕೊಡವಿಕೊಂಡರೆ, ದೇವರು ಒಪ್ಪಿದಂತೆ, ಸುಮ್ಮನೆ ನಿಂತರೆ ಒಪ್ಪಿಲ್ಲವೆಂದು. ಕುರಿಗೆ ಆ ಮಾತಿನ ಅರ್ಥ ಅದು. ಗಂಡಸರಿಗೆ ಬಂದರೆ ಝಾಡಿಸಿ ಒದೆಯುವುದು. ಒಂದೇ ಪದ. ಅವೆರಡೂ ಒಟ್ಟಿಗೆ ನಡೆದದ್ದನ್ನು ನಾನು ಕಂಡದ್ದು ಡಿಗ್ರಿಯ ಕೊನೆಯ ವರ್ಷ.

ಆ ವರ್ಷ ಮೊದಲ ಮಳೆಗೆ ಹುಲ್ಲು ಚಿಗುರಿತು. ಹಸಿದ ಕುರಿಗಳು ಚಿಗುರಿಗೆ ಮುಗಿಬಿದ್ದವು, ಬೆನ್ನಿಗೇ ರೋಗ ಬಂತು. ತೆಲುಗಿನಲ್ಲಿ ಇದಕ್ಕೆ ಚಿಟುಕು ರೋಗ ಎನ್ನುತ್ತಾರೆ, ಚಿಟಿಕೆ ಹೊಡೆಯುವಷ್ಟರಲ್ಲಿ ಸಾಯುತ್ತವೆಂದು. ಮೇಯುತ್ತಿದ್ದ ಕುರಿ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿದು ಬೀಳುತ್ತದೆ. ಕುತ್ತಿಗೆ ಬೆನ್ನಿನ ಕಡೆ ಮುರಿದಂತೆ ತಿರುಗುತ್ತದೆ. ಬಿದ್ದಲ್ಲೇ ನಾಲ್ಕೂ ಕಾಲು ಓಡುತ್ತವೆ, ಹಲ್ಲು ಕಟಕಟ ಮಸೆಯುತ್ತದೆ, ಬಾಯಿಂದ ನೊರೆ, ಆಮೇಲೆ ಏನೂ ಇಲ್ಲ. ಹಟ್ಟಿಯ ಹಿರಿಯನ ಹಿಂಡಿನಲ್ಲಿ ಅರ್ಧಕ್ಕರ್ಧ ಹೋಯಿತು. ಆತನನ್ನು ನಾವೆಲ್ಲ ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದೆವು. ನಮ್ಮ ಅಪ್ಪನ ಕುರಿಗಳೂ ಸತ್ತವು. ಅತ್ತೆಯ ಕುರಿಗಳಲ್ಲಿ ಒಂದೂ ಸಾಯಲಿಲ್ಲ.

ಸಾಯದೇ ಇದ್ದುದಕ್ಕೆ ಕಾರಣ ನಾನು. ಬೇಸಿಗೆ ರಜೆಯಲ್ಲಿ ಬಂದಾಗ, ಮಳೆಗೆ ಮುಂಚೆ ಲಸಿಕೆ ಹಾಕಿಸಬೇಕೆಂದು ಮನೆಮನೆಗೆ ಹೋಗಿ ಹೇಳಿದ್ದೆ. "ಗಬ್ಬದ ಕುರಿ ಕಂದ ಹಾಕ್ತಾವ, ಬ್ಯಾಡ," ಎಂದಿದ್ದರು ಎಲ್ಲರೂ, ಅಪ್ಪನೂ, ಗರ್ಭ ಇಳಿದೀತೆಂಬ ಭಯಕ್ಕೆ. ಅತ್ತೆಯೊಬ್ಬಳೇ, "ನಮ್ಮ ಹುಡಗಿ ಓದ್ಯಾಳ, ಹೇಳ್ತಾಳಂದ್ರ ಏನರ ಇರಬೇಕು," ಎಂದು ಕುರಿಗಳನ್ನು ನನ್ನ ಜೊತೆ ನಾರಾಯಣಖೇಡದ ದನಗಳ ದವಾಖಾನೆಗೆ ಕಳಿಸಿದ್ದಳು.

ಈಗ ಊರು ಲೆಕ್ಕ ಹಾಕಿತು. ಹುಲ್ಲು ಒಂದೇ, ನೀರು ಒಂದೇ, ಅಡವಿ ಒಂದೇ. ಎಲ್ಲರವೂ ಸತ್ತವು, ಒಡಹುಟ್ಟಿದ ತಮ್ಮನವೂ ಸತ್ತವು, ಇವಳವು ಮಾತ್ರ ಬದುಕಿವೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಇವಳಲ್ಲಿದೆ. ನಾನು ಲ್ಯಾಬಿನಲ್ಲಿ ಕಲಿತದ್ದೂ ಹೀಗೇ ಯೋಚಿಸುವುದನ್ನು. ಅವರು ದಡ್ಡರು ಎಂದು ನಾನು ಯಾವತ್ತೂ ಹೇಳಿಲ್ಲ. ಸೂಜಿಯೊಂದನ್ನು ಲೆಕ್ಕದಿಂದ ಬಿಟ್ಟರು, ಅಷ್ಟೇ.

ಅತ್ತೆಯ ಮೇಲೆ ಭಾನಾಮತಿಯ ಮಾತು ಬಂದಿದೆ ಎಂಬ ಸುದ್ದಿ ಹಾಸ್ಟೆಲಿಗೆ ಫೋನಿನಲ್ಲಿ ಬಂತು. ಮೊದಲ ಬಸ್ಸಿಗೆ ಹೊರಟು ಊರು ಮುಟ್ಟುವಷ್ಟರಲ್ಲಿ ಊರದೇವತೆ ಪೋಚಮ್ಮನ ಕಟ್ಟೆಯ ಹತ್ತಿರ ಊರೇ ಸೇರಿತ್ತು. ಬೇವಿನ ಗಿಡಕ್ಕೆ ಒಂದು ಟಗರು ಕಟ್ಟಿತ್ತು. ಅತ್ತೆಯನ್ನು ಕಟ್ಟೆಯ ಮುಂದೆ ನೆಲದ ಮೇಲೆ ಕೂರಿಸಿದ್ದರು. ಅಪ್ಪ ಅವಳ ಪಕ್ಕದಲ್ಲಿ ಕೈಮುಗಿದು ನಿಂತಿದ್ದ.

"ಎಲ್ಲಾರ ಹಿಂಡು ಸತ್ತಾವ," ಎಂದ ಮುತ್ಯಾ. "ನಿನ್ನವಕ್ಕ ಯಾಕ ಏನೂ ಆಗಿಲ್ಲ, ಹೇಳು."

"ಸೂಜಿ ಹಾಕ್ಸೀನ್ರಿ ಮುತ್ಯಾ," ಎಂದಳು ಅತ್ತೆ.

ಮುತ್ಯಾನ ಮಗ ಬಡಿಗೆ ಊರಿಕೊಂಡು ನಿಂತಿದ್ದ. "ಸೂಜಿ ಹಾಕ್ಸ್ಯಾಳಂತ!" ಎಂದ. "ಯಾವ ಗೊಂಬಿಗಿ ಹಾಕ್ಸ್ಯಾಳ ಕೇಳ್ರಿ!"

ಜನ ನಕ್ಕರು. ಬೈದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

"ಮುತ್ಯಾ, ಅದು ರೋಗ ಅದರಿ," ಎಂದು ಮುಂದೆ ಹೋದೆ. "ದವಾಖಾನ್ಯಾಗ ಕೇಳ್ರಿ ಬೇಕಾದ್ರ. ನಾನೇ ಹೊಡಕೊಂಡು ಹೋಗಿದ್ದೆ."

"ನೀ ಓದಿದಾಕಿ ಇದ್ದಿ. ನಿಂಗ ಸಬೂತ ಬೇಕಲ್ಲ?" ಎಂದ ಮುತ್ಯಾ. ಸಬೂತ ಎಂದರೆ ಪುರಾವೆ. "ಪೋಚಮ್ಮ ಸಬೂತ ಕೊಡ್ತಾಳ. ನಿಂದ್ರು."

ತಂಬಿಗೆಯಲ್ಲಿ ಅರಿಶಿಣದ ನೀರು ತಂದರು. "ಅವ್ವಾ, ಇದು ಈಕಿನೇ ಮಾಡಿದ್ರ ಮೈ ಝಾಡಸು," ಎಂದು ಮುತ್ಯಾ ಟಗರಿನ ಬೆನ್ನಿನ ಮೇಲೆ ಹಾಕಿದ. ಹತ್ತಾರು ಜನ ಫೋನು ಎತ್ತಿ ಹಿಡಿದಿದ್ದರು. ಟಗರು ಬೇವಿನ ಎಲೆ ಅಗಿಯುತ್ತ ಸುಮ್ಮನೆ ನಿಂತಿತು.

"ಝಾಡಸ್ಲಿಲ್ಲ!" ಎಂದು ಅಪ್ಪ ಕೂಗಿದ. "ಎಲ್ಲಾರೂ ನೋಡೀರಿ, ಝಾಡಸ್ಲಿಲ್ಲ!"

"ಅರಿಶಿಣ ಕಮ್ಮಿ ಆಗ್ಯಾದ," ಎಂದ ಒಬ್ಬ. ಅರಿಶಿಣ ಹಾಕಿ ಮತ್ತೆ ಸುರಿದರು. ಇಲ್ಲ. ಮುಟ್ಟಾದವರು ಯಾರಾದರೂ ನಿಂತಿದ್ದರೆ ದೂರ ಹೋಗಿ ಎಂದರು. ಕೆಲವು ಹೆಂಗಸರು ಹಿಂದೆ ಸರಿದರು. ಮತ್ತೆ ಸುರಿದರು. ಇಲ್ಲ. ಟಗರಿನ ಮುಖ ಮೂಡಣಕ್ಕೆ ತಿರುಗಿಸಿ ಎಂದರು. ಈ ಸಲ ನೀರು ತಲೆಯ ಮೇಲೆ ಬಿದ್ದು ಕಿವಿಯೊಳಗೆ ಇಳಿಯಿತು. ಟಗರು ಕೊಂಬಿನಿಂದ ಬಾಲದವರೆಗೆ ಮೈಯೆಲ್ಲ ಝಾಡಿಸಿತು. ಅರಿಶಿಣದ ಹನಿ ನನ್ನ ಮುಖಕ್ಕೂ ಸಿಡಿಯಿತು.

ಎಷ್ಟು ಸಲ ಇಲ್ಲ ಎಂದಿತ್ತೋ ಯಾರಿಗೂ ನೆನಪಿರಲಿಲ್ಲ. ಒಂದು ಸಲ ಹೌದು ಎಂದದ್ದೇ ಸಾಕಾಯಿತು. ಫೋನುಗಳು ಜೇಬಿಗೆ ಇಳಿದವು, ಕೈಗಳು ಮೇಲೆದ್ದವು.

ಅತ್ತೆಯ ಕೂದಲು ಹಿಡಿದು ಎಳೆದರು. ಸೆರಗು ಹರಿದು ಯಾರದೋ ಕೈಯಲ್ಲಿ ಉಳಿಯಿತು. ಮುತ್ಯಾನ ಮಗ ಝಾಡಿಸಿ ಒದ್ದ. ಒದೆ ಹೊಟ್ಟೆಗೆ ಬಿತ್ತು. ಅತ್ತೆ ಗೋಣಿಚೀಲದಂತೆ ಮಡಚಿಕೊಂಡಳು. ಅಪ್ಪ ಅಡ್ಡ ಬಿದ್ದ. ಇಬ್ಬರು ಅವನ ಎಡಗೈ ಹಿಂದಕ್ಕೆ ತಿರುಚಿದರು. ಹಸಿ ಕಟ್ಟಿಗೆ ಮುರಿದಂಥ ಸದ್ದು ಕೇಳಿತು. ನಾನು ಯಾರ ಬೆನ್ನ ಮೇಲೆ ಗುದ್ದಿದೆನೋ, ಯಾರ ಕಾಲು ಕಚ್ಚಿದೆನೋ ನೆನಪಿಲ್ಲ. ಒಬ್ಬ ಎತ್ತಿನ ಲಾಳ ಕೀಳುವ ಇಕ್ಕಳ ತಂದ. ಇನ್ನೊಬ್ಬ ಅತ್ತೆಯ ಎದೆಯ ಮೇಲೆ ಮೊಣಕಾಲು ಊರಿ, ದವಡೆ ಬಿಡಿಸಲು ಬೆರಳು ತೂರಿಸಿದ. ಅತ್ತೆ ಆ ಬೆರಳನ್ನು ಕಡಿದಳು. ಎಲುಬಿನವರೆಗೂ ಕಡಿದಳು. ಅವನು ಚೀರುತ್ತ ಕೈ ಕೊಡವಿದ. ರಕ್ತ ಅತ್ತೆಯ ಗಲ್ಲದ ಮೇಲೆ ಹರಿಯಿತು.

"ನೋಡ್ರಿ, ನೋಡ್ರಿ!" ಎಂದು ಕೂಗಿದ ಮುತ್ಯಾನ ಮಗ. "ಹಲ್ಲಾಗೇ ಅದ ಅಕಿ ಶಕ್ತಿ!"

ಅದೂ ಒಂದು ಸಬೂತ ಆಯಿತು.

ಆಗ ನನಗೆ ತಂಬಿಗೆ ಕಂಡಿತು. ತಳದಲ್ಲಿ ಇನ್ನೂ ನೀರಿತ್ತು. ಎತ್ತಿಕೊಂಡು ಟಗರಿನ ಹತ್ತಿರ ಓಡಿ, ಕೂಗಬಹುದಾದಷ್ಟು ಗಟ್ಟಿಯಾಗಿ ಕೂಗಿದೆ: "ಅವ್ವಾ ಪೋಚಮ್ಮ, ಕುರಿ ಕೊಂದಾಕಿ ನಾನಾಗಿದ್ರ ಝಾಡಸು!"

ಜನ ತಿರುಗಿದರು. ಟಗರಿನ ಕಿವಿ ಹಿಡಿದೆತ್ತಿ ಅದರೊಳಗೇ ನೀರು ಬಿಟ್ಟೆ. ಅದು ಝಾಡಿಸಿತು. ಝಾಡಿಸದೆ ಏನು ಮಾಡುತ್ತದೆ?

"ನೋಡೀರಿಲ್ಲ?" ಎಂದೆ. "ನಾ ಜಹೀರಾಬಾದಿನಾಗ ಇದ್ದೆ. ಆದ್ರೂ ನಂದೇ ಅಂತು. ಕಿವಿಗಿ ನೀರು ಹೋದ್ರ ಯಾವ ಕುರೀನೂ ಝಾಡಸ್ತದರಿ! ಮುಂಜಾನಿಂದ ಸಂಜೀತನ ಕುರಿ ಜೋಡಿನೇ ಇರ್ತೀರಿ, ನಿಮಗ ಗೊತ್ತಿಲ್ಲೇನು?"

ಒಂದು ಕ್ಷಣ ಎಲ್ಲ ನಿಂತಿತು. ಅತ್ತೆಯ ಎದೆಯ ಮೇಲಿದ್ದವನೂ ಇಕ್ಕಳ ಹಿಡಿದವನೂ ನನ್ನನ್ನೇ ನೋಡಿದರು. ಗೆದ್ದೆ ಎಂದುಕೊಂಡೆ. ಕಾಲೇಜಿನಲ್ಲಿ ಪ್ರಯೋಗ ಮಾಡಿ ತೋರಿಸಿದ ಮೇಲೆ ಬರುವ ಮೌನ ಹೀಗೇ ಇರುತ್ತದೆ. ಹಿಂದಿನಿಂದ ಒಬ್ಬ ಹೆಂಗಸು ನಿಧಾನವಾಗಿ ಹೇಳಿದಳು: "ಯವ್ವಾ, ಈಕಿಗೂ ಕಲಿಸ್ಯಾಳಲ್ಲೋ."

ಬಡಿಗೆ ಬಂದದ್ದು ನನಗೆ ಕಾಣಲಿಲ್ಲ. ಬಾಯಿಯೊಳಗೆ ಬಿಳಿಯ ಬೆಂಕಿ ಹೊತ್ತಿತು. ಮೊಣಕಾಲೂರಿ ಬಿದ್ದೆ. ಮುಂದೆ ಅರಿಶಿಣದ ಕೆಸರಿನಲ್ಲಿ ನನ್ನ ಎರಡು ಹಲ್ಲು ಬಿದ್ದಿದ್ದವು, ಒಂದರ ಬೇರಿಗೆ ಮಾಂಸ ಅಂಟಿತ್ತು. ಮೇಲ್ತುಟಿ ಸೀಳಿ ಎರಡಾಗಿತ್ತು. ಅವರ ಕಣ್ಣಿನಲ್ಲಿ ನಾನು ತೋರಿಸಿದ್ದು ಟಗರಿನ ಸುಳ್ಳಲ್ಲ. ಪೋಚಮ್ಮ ಹಿಡಿದುಕೊಟ್ಟ ಎರಡನೆಯ ಮಾಟಗಾತಿ. ನಾನೇ ನನ್ನ ಹೆಸರು ಕೂಗಿ ಹೇಳಿದ್ದೆನಲ್ಲ.

ಮುತ್ಯಾನ ಮಗ ಇನ್ನೊಂದು ಏಟಿಗೆ ಬಡಿಗೆ ಎತ್ತಿದ್ದ. ಅಷ್ಟರಲ್ಲಿ ಅಪ್ಪ ಎದ್ದಿದ್ದ. ಎಡಗೈ ಹಗ್ಗದಂತೆ ಜೋತಾಡುತ್ತಿತ್ತು. ನನ್ನ ಕೈಯಿಂದ ಉರುಳಿದ ತಂಬಿಗೆಯನ್ನು ಬಲಗೈಯಲ್ಲಿ ಎತ್ತಿ, ಕಟ್ಟೆಯ ಮುಂದಿನ ಕೊಡದಲ್ಲಿ ಮುಳುಗಿಸಿ ಟಗರಿನ ಮುಂದೆ ನಿಂತ. ಅವನಿಗೆ ಆ ಉಪಾಯ ಹೊಳೆದದ್ದು ನಾನು ಮಾಡಿದ್ದನ್ನು ನೋಡಿ. ಅಷ್ಟು ಮಾತ್ರ ನನ್ನದು ಎಂದು ಇವತ್ತಿಗೂ ಹೇಳುತ್ತೇನೆ.

"ಅವ್ವಾ," ಎಂದ ಅಪ್ಪ. "ಎಲ್ಲಾರ ಮನಿ ಕೇಳಾಮು. ಇದು ಮುತ್ಯಾ ಮಾಡಿದ್ರ ಝಾಡಸು."

ತಂಬಿಗೆ ಬಾಗಿತು. ಮುತ್ಯಾ ಕಟ್ಟೆಯಿಂದ ಹಾರಿ ಬಂದು ಟಗರಿನ ಎರಡೂ ಕಿವಿಗಳನ್ನು ಎರಡೂ ಅಂಗೈಯಿಂದ ಮುಚ್ಚಿದ.

ನೀರು ಅವನ ಕೈಗಳ ಮೇಲೆ ಹರಿದು ಹೋಯಿತು. ಟಗರು ಅಲುಗಾಡದೆ ನಿಂತಿತು. ಊರೆಲ್ಲ ನೋಡಿತು. ಬಡಿಗೆ ಎತ್ತಿದ ಮಗನೂ ನೋಡಿದ.

"ಸಾಕು," ಎಂದ ಮುತ್ಯಾ. ಕಿವಿಯಿಂದ ಕೈ ತೆಗೆಯಲಿಲ್ಲ. "ಇವತ್ತಿಗಿ ಸಾಕು. ಬಿಡ್ರಿ ಅಕಿಗಿ. ಕುರಿ ಕೊಯ್ರಿ."

ಟಗರಿನ ಕುತ್ತಿಗೆಗೆ ಕತ್ತಿ ಬಿತ್ತು. ರಕ್ತ ಕಟ್ಟೆಯ ಕಲ್ಲಿಗೆ ಚಿಮ್ಮಿತು. ಇಕ್ಕಳ ತಂದವನೇ ಚರ್ಮ ಸುಲಿಯಲು ಕೂತ.

ಮುತ್ಯಾ ಯಾಕೆ ಕಿವಿ ಮುಚ್ಚಿದ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಕಿವಿಗೆ ನೀರು ಹೋದರೆ ಏನಾಗುತ್ತದೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತೇ? ಗೊತ್ತಿದ್ದೇ ನನ್ನ ಅತ್ತೆಯ ತಲೆಯ ಮೇಲೆ ಆ ಅಪವಾದ ಹೊರಿಸಿದನೇ? ಹಾಗಿದ್ದರೆ ಅವನು ಕೊಲೆಗೆ ಇಳಿದವನು. ಇಲ್ಲಾ, ಪೋಚಮ್ಮ ನಿಜವಾಗಿ ತನ್ನ ಹೆಸರು ಹೇಳಿಬಿಟ್ಟಾಳೆಂದು ಹೆದರಿದನೇ? ಹಾಗಿದ್ದರೆ ಅತ್ತೆಯನ್ನು ಉಳಿಸಿದ್ದು ನನ್ನ ಪ್ರಯೋಗ ಅಲ್ಲ, ಅವನ ಭಕ್ತಿ. ಎರಡರಲ್ಲಿ ಯಾವುದನ್ನು ಒಪ್ಪಿದರೂ ನನ್ನ ಬಾಯಿ ಉರಿಯುತ್ತದೆ.

ಠಾಣೆಗೆ ಹೋದೆವು. ತುಟಿಗೆ ದುಪಟ್ಟಾ ಒತ್ತಿಕೊಂಡು ನಾನೇ ಬರೆದುಕೊಟ್ಟೆ. "ಸಾಕ್ಷಿ ಯಾರದಾರ?" ಎಂದರು ಪೊಲೀಸರು. ಊರೇ ಇತ್ತು ಎಂದೆ. ಆದರೆ ಕೇಳಿದವರೆಲ್ಲ ನಾವು ಆ ಹೊತ್ತಿಗೆ ಹೊಲದಲ್ಲಿದ್ದೆವು ಎಂದರು. ವಿಡಿಯೋ ಇದೆ ಎಂದೆ. ವಿಡಿಯೋ ಇತ್ತು. ಒಂದಲ್ಲ, ಹತ್ತು ಇದ್ದವು. ಎಲ್ಲದರಲ್ಲೂ ಟಗರು ಝಾಡಿಸುತ್ತದೆ, ಜನ ಹೋ ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಪೋಚಮ್ಮ ಮಾತಾಡಿದ್ದಕ್ಕೆ ಪುರಾವೆ ಸಿಕ್ಕಿತು, ನನ್ನ ಹಲ್ಲು ಮುರಿದದ್ದಕ್ಕೆ ಸಿಗಲಿಲ್ಲ. ಆ ವಿಡಿಯೋ ಈಗಲೂ ವಾಟ್ಸಾಪಿನಲ್ಲಿ ತಿರುಗುತ್ತಿದೆ. ಹೋದ ವರ್ಷ ನಮ್ಮ ಶಾಲೆಯ ಒಬ್ಬ ಹುಡುಗಿ ಅದನ್ನೇ ನನಗೆ ತೋರಿಸಿ, "ಮೇಡಂ, ದೇವರು ಇರೋದು ನಿಜ ಅಲ್ವಾ?" ಎಂದಳು. ಒಂದು ಮೂಲೆಯಲ್ಲಿ ನನ್ನ ಹಳದಿ ದುಪಟ್ಟಾ ಕಾಣುತ್ತಿತ್ತು.

ಜಹೀರಾಬಾದಿನ ಆಸ್ಪತ್ರೆಯಲ್ಲಿ ತುಟಿ ಹೊಲಿಸಿ, ಅಪ್ಪನ ಕೈಗೆ ಪಟ್ಟಿ ಕಟ್ಟಿಸಿ ಮನೆಗೆ ಬಂದಾಗ ಹೊಸ್ತಿಲ ಮೇಲೆ ಮುತ್ತುಗದ ಎಲೆಯಲ್ಲಿ ಸುತ್ತಿದ ಪೊಟ್ಟಣವಿತ್ತು. ಪೋಚಮ್ಮನ ಕುರಿಯ ಮಾಂಸ ಮನೆಮನೆಗೆ ಪಾಲು ಹೋಗಬೇಕು, ಅದು ಪದ್ಧತಿ. ನಮ್ಮ ಪಾಲನ್ನೂ ಕಳಿಸಿದ್ದರು. ಬೀದಿಗೆ ಎಸೆಯಲು ಹೋದೆ. ಅತ್ತೆ ಕಿತ್ತುಕೊಂಡಳು. ಪಕ್ಕೆ ಹಿಡಿದುಕೊಂಡೇ ಒಲೆ ಹೊತ್ತಿಸಿದಳು, ಬೇಯಿಸಿದಳು, ಒಬ್ಬಳೇ ಕೂತು ತಿಂದಳು. ಎಲುಬುಗಳನ್ನು ದವಡೆಹಲ್ಲಿಗೆ ಕೊಟ್ಟು ಕಟಕಟ ಮುರಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಒಂದು ಎಲುಬನ್ನೂ ಬಿಡಲಿಲ್ಲ.

"ಕಿವಿಗಿ ನೀರು ಹೋದ್ರ ಝಾಡಸ್ತದಂತ ನಂಗ ಗೊತ್ತಿಲ್ಲೇನು?" ಎಂದ ಅಪ್ಪ ಗೋಡೆಗೆ ಒರಗಿ. "ಹುಟ್ಟಿದಾಗಿಂದ ಕುರಿ ಕಾದೀನಿ. ಆದ್ರ ನೀರು ಕಿವಿಗಿ ಹೋಗೋದು ಬಿಡೋದು ಯಾರ ಕೈಯಾಗ ಅದ?"

"ತಂಬಗಿ ಹಿಡದಾವನ ಕೈಯಾಗ," ಎಂದೆ. ಹಲ್ಲಿಲ್ಲದ ಬಾಯಿಯಲ್ಲಿ ಮಾತು ಗಾಳಿಯಾಗಿ ಹೋಯಿತು. ಅಪ್ಪನಿಗೆ ಕೇಳಿಸಿತು.

ಪರೀಕ್ಷೆಗೆ ಹಾಗೇ ಕೂತೆ. ಪಾಸಾದೆ. ಬಿ.ಎಡ್. ಮಾಡಿದೆ. ತಾಂಡೂರಿನಲ್ಲಿ ಕೆಲಸ ಸಿಕ್ಕ ವಾರವೇ ಅತ್ತೆಯನ್ನು ಕರೆದುಕೊಂಡು ಬಂದೆ. ಅಪ್ಪ ಊರು ಬಿಡಲಿಲ್ಲ. ಅವನ ಕುರಿಗಳಿಗೆ ಈಗ ಮಳೆಗೆ ಮುಂಚೆ ಲಸಿಕೆ ಬೀಳುತ್ತದೆ. ಊರಿನ ಎಲ್ಲ ಕುರಿಗಳಿಗೂ ಬೀಳುತ್ತದೆ, ಮುತ್ಯಾನ ಹಿಂಡಿಗೂ. ಯಾರೂ ಆ ದಿನದ ಮಾತು ಎತ್ತುವುದಿಲ್ಲ.

ಮೊನ್ನೆ ಸ್ಟಾಫ್ ರೂಮಿನಿಂದ ಎದ್ದು ಬಂದ ಸಂಜೆ ಮನೆ ಮುಟ್ಟಿದಾಗ ಅತ್ತೆ ಅಂಗಳದ ಚಪ್ಪಡಿಯ ಮೇಲೆ ಕೂತು ಹಳೆಯ ಕಂಬಳಿ ಹೊಲಿಯುತ್ತಿದ್ದಳು. ಹಿಂದಿನ ಬೀದಿಯಲ್ಲಿ ಕಲ್ಲು ಕೊಯ್ಯುವ ಮಷೀನು ಕಿರಿಚುತ್ತಿತ್ತು. ಅದು ನಿಲ್ಲಲಿ ಎಂದು ಕಾದು ಕೇಳಿದೆ.

"ಅತ್ತಿ, ಪೋಚಮ್ಮ ಅದಾಳಂತ ನಿಂಗ ಹ್ಯಾಂಗ ಗೊತ್ತು? ಸಬೂತ ಏನದ?"

ಅತ್ತೆ ಬಾಯಿ ತೆರೆದು, ಸೂಜಿ ಹಿಡಿದ ಬೆರಳಿನಿಂದ ತನ್ನ ಮುಂದಿನ ಹಲ್ಲು ತಟ್ಟಿ ತೋರಿಸಿದಳು. "ಇವು."

"ಮತ್ತ ನನ್ನವು?"

"ನಿನ್ನ ಅಕಿನೇ ಕಳಸಿದ್ಳು. ನೀ ಬರಲಿಲ್ಲಂದ್ರ ಇವೆಲ್ಲಿ ಉಳೀತಿದ್ವು?"

ಸಿಟ್ಟು ಬಂತು. ಬಸ್ಸು ಹಿಡಿದು ಬಂದವಳು ನಾನು, ಏಟು ತಿಂದವಳು ನಾನು, ಹೆಸರು ಮಾತ್ರ ಪೋಚಮ್ಮನದೇ?

"ನನ್ನ ಕಳಸಾಕ ಬಂತು. ಆ ಬಡಿಗಿ ಹಿಡ್ಯಾಕ ಬರಲಿಲ್ಲೇನು ಅಕಿಗಿ?"

ಅತ್ತೆ ನನ್ನ ಬಾಯಿಯ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ತುಟಿಯ ಮೇಲಿನ ಹೊಲಿಗೆಯ ಗುರುತನ್ನು ಅವಳು ಯಾವತ್ತೂ ಹಾಗೆ ದಿಟ್ಟಿಸಿರಲಿಲ್ಲ.

"ಅದು ನಾನೂ ಕೇಳೀನಿ," ಎಂದಳು. "ದೀಪ ಹಚ್ಚಿದಾಗೊಮ್ಮಿ ಕೇಳ್ತೀನಿ. ಇನ್ನಾ ಹೇಳಿಲ್ಲ ಅಕಿ."

"ಹೇಳಲಿಲ್ಲಂದ್ರ?"

"ಕೇಳೋದು ಬಿಡೂದಿಲ್ಲ ನಾ."

ಒಳಗೆ ಹೋಗಿ ಕತ್ತರಿ ತಂದು ಅವಳ ಮುಂದೆ ಇಟ್ಟೆ. ಅವಳು ಅದರ ಕಡೆ ನೋಡಲಿಲ್ಲ. ಕಂಬಳಿಯ ಅಂಚನ್ನು ಬಾಯಿಯ ಹತ್ತಿರ ತಂದು ತಲೆ ಓರೆ ಮಾಡಿದಳು. ಮಷೀನು ಮತ್ತೆ ಶುರುವಾಗುವ ಮುಂಚೆ, ದಾರ ಕಡಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.